ಒಳಗೆ ಬಿಟ್ಟ ಬಟ್ಟೆ

ಎಳ್ಳಿನ ಕಾಯ್ದೆ ಬಂದಾಗ ದಾವಣಗೆರೆಯ ಜನ ಮೊದಲು ನಕ್ಕರು, ಆಮೇಲೆ ಬೈದರು, ಕೊನೆಗೆ ಎಲ್ಲದಕ್ಕೂ ಒಗ್ಗಿಕೊಳ್ಳುವ ಹಾಗೆ ಅದಕ್ಕೂ ಒಗ್ಗಿಕೊಂಡರು. ಸರ್ಕಾರದ ಕಡತದಲ್ಲಿ ಅದಕ್ಕೆ 'ಚರಾಸ್ತಿ ಮಿತಿ ಮತ್ತು ಬಳಕೆ ಅಧಿನಿಯಮ' ಎಂಬ ಉದ್ದದ ಹೆಸರಿತ್ತು. ಅಷ್ಟುದ್ದ ಹೇಳಲು ಯಾರಿಗೆ ಪುರುಸೊತ್ತು?

ಎಳ್ಳು ಎಂದರೆ ತಿನ್ನುವ ಎಳ್ಳಲ್ಲ, ನೋಡಲು ಮಾತ್ರ ಹಾಗೆಯೇ ಇದ್ದ ಒಂದು ಬಿಳಿಯ ಕಣ. ಮನೆಯ ಪ್ರತಿಯೊಂದು ವಸ್ತುವಿಗೂ ಒಂದೊಂದು ಅಂಟಿಸಿದ್ದರು. ಅದಕ್ಕೆ ಬ್ಯಾಟರಿಯಿಲ್ಲ, ಒಡೆಯನ ಅಂಗೈ ಬಿಸಿಯನ್ನೇ ಕುಡಿದು ಬದುಕುತ್ತದೆ. ಒಮ್ಮೆ ಮುಟ್ಟಿದರೆ ಮುನ್ನೂರ ಅರವತ್ತೈದು ದಿನಕ್ಕೆ ಅದರ ಹೊಟ್ಟೆ ತುಂಬುತ್ತದೆ. ಅಷ್ಟರೊಳಗೆ ಮತ್ತೆ ಯಾರೂ ಮುಟ್ಟದಿದ್ದರೆ ಕಣ ಹಸಿದು ಕೆಂಪಾಗುತ್ತದೆ, ಕೊನೆಯ ಉಸಿರಲ್ಲಿ ನಿಯಂತ್ರಣ ಕೊಠಡಿಗೆ ಸುದ್ದಿ ಕಳಿಸುತ್ತದೆ: ಈ ವಸ್ತು ಈಗ ಯಾರದ್ದೂ ಅಲ್ಲ, ಎಲ್ಲರದ್ದು. ಆಗ ಸಾರ್ವಜನಿಕ ಭಂಡಾರದ ಗಾಡಿ ಬರುತ್ತದೆ. ಸಿಬ್ಬಂದಿ ಗೇಣುದ್ದದ ಒಂದು ಕೋಲನ್ನು ಎಳ್ಳಿಗೆ ತಾಗಿಸುತ್ತಾನೆ, ಅದು ಕುಂಯ್ ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ಮುಟ್ಟುಗೋಲು ಎಂಬ ಮಾತು ಕನ್ನಡದಲ್ಲಿ ಮೊದಲಿನಿಂದಲೂ ಇತ್ತು, ನಿಜವಾದ ಕೋಲು ಬಂದದ್ದು ಈಗ. ಎಳ್ಳು ಅಂಟಿಸಿದರೆಂದರೆ ಎಳ್ಳುನೀರು ಬಿಟ್ಟಂತೆಯೇ ಎಂದು ಮುದುಕರು ಗೊಣಗಿದರು.

ಕಾಯ್ದೆ ಮಾಡಿದವರು ಕೆಟ್ಟವರೇನಲ್ಲ. ಗಣಿಗಳು ಬರಿದಾಗಿ ಹೊಸದಾಗಿ ಏನನ್ನಾದರೂ ತಯಾರಿಸುವುದೇ ಕಷ್ಟವಾಗಿದ್ದ ಕಾಲ ಅದು. ಒಂದು ಮನೆಯ ಅಟ್ಟದಲ್ಲಿ ಮೂರು ಮಿಕ್ಸಿ ಧೂಳು ತಿನ್ನುತ್ತಿದ್ದರೆ ಪಕ್ಕದ ಬೀದಿಯಲ್ಲಿ ಒಬ್ಬಳು ಒಂದು ಇಸ್ತ್ರಿ ಪೆಟ್ಟಿಗೆಗಾಗಿ ಬೀದಿ ಬೀದಿ ಅಲೆಯುತ್ತಿದ್ದಳು. ಹಿಂದೊಮ್ಮೆ ಉಳುವವನೇ ಹೊಲದೊಡೆಯ ಎಂದು ಈ ನಾಡು ಭೂಮಿಗೆ ಮಿತಿ ಹಾಕಿತ್ತು. ಈಗ ಬಳಸುವವನೇ ಒಡೆಯ ಎಂದು ಪಾತ್ರೆ ಪಡಗಕ್ಕೂ ಮಿತಿ ಹಾಕಿತು. ತಲೆಗೆ ಮುನ್ನೂರು ವಸ್ತು, ಅದರಲ್ಲೂ ವರ್ಷಕ್ಕೊಮ್ಮೆ ಕೈ ತಾಗದ್ದು ನಿನ್ನದಲ್ಲ. ಇಷ್ಟೇ ನಿಯಮ.

ಕಾಯ್ದೆ ಚಾಪೆಯ ಕೆಳಗೆ ತೂರಿದರೆ ಜನ ರಂಗೋಲಿಯ ಕೆಳಗೆ ತೂರಿದರು. ಹೇಗೂ ಆಯುಧ ಪೂಜೆ ಇತ್ತಲ್ಲ! ಆ ದಿನ ಮನೆಯ ಕತ್ತಿ, ಕತ್ತರಿ, ಸೈಕಲ್ಲು, ಇಳಿಗೆಮಣೆ ಎಲ್ಲವನ್ನೂ ಒರೆಸಿ ವಿಭೂತಿ ಕುಂಕುಮ ಇಡುವುದು ಮೊದಲಿನಿಂದ ಬಂದ ರೂಢಿ. ಈಗ ಅಟ್ಟದ ಕೊಪ್ಪರಿಗೆಯಿಂದ ಹಿಡಿದು ಅಜ್ಜನ ಕನ್ನಡಕದವರೆಗೆ ಎಲ್ಲವೂ ಆಯುಧವೇ ಆದವು. ಒಂದೊಂದಕ್ಕೂ ಒಂದೊಂದು ಬೊಟ್ಟು, ಒಂದು ಹೂವಿನ ಎಸಳು, ಮುಟ್ಟಿದ ಹಾಗೂ ಆಯಿತು, ಪುಣ್ಯವೂ ಬಂತು. ಎರಡು ಹಬ್ಬ ಹೀಗೆಯೇ ಸುಸೂತ್ರವಾಗಿ ದಾಟಿದವು.

ಎಡವಟ್ಟಾದದ್ದು ಮೂರನೆಯದಕ್ಕೆ.

ಅವತ್ತು ಅಕ್ಟೋಬರ್ ಮೂರು. ದಾವಣಗೆರೆಯ ನಿಯಂತ್ರಣ ಕೊಠಡಿ ಇದ್ದದ್ದು ಹಳೆಯ ಹತ್ತಿ ಗಿರಣಿಯೊಂದರ ಶೆಡ್ಡಿನಲ್ಲಿ. ಅದರ ಮುಖ್ಯ ತಂತ್ರಜ್ಞೆ ಗಂಗಾಂಬಿಕೆಗೆ ಐವತ್ತೆರಡು ವರ್ಷ. ಅವಳು ಚಿಕ್ಕವಳಿದ್ದಾಗ ಈ ಗಿರಣಿಯ ಕೂಗು ಕೇಳಿಯೇ ಅವಳಪ್ಪ ಕತ್ತರಿ ಕೆಳಗಿಟ್ಟು ಊಟಕ್ಕೆ ಏಳುತ್ತಿದ್ದದ್ದು. ಆ ಕೂಗು ನಿಂತು ಎಷ್ಟೋ ಕಾಲವಾಗಿದ್ದರೂ ಮಧ್ಯಾಹ್ನ ಹನ್ನೆರಡೂವರೆಗೆ ಅವಳ ಕಿವಿ ತಾನಾಗಿ ನಿಮಿರುತ್ತಿತ್ತು. ಎಳ್ಳಿಗೆ ಕೈಬಿಸಿ ಕುಡಿಯಲು ಕಲಿಸಿದವರಲ್ಲಿ ಅವಳೂ ಒಬ್ಬಳು. ಆ ಕೆಲಸದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಭಂಡಾರದಿಂದ ಹೊಲಿಗೆ ಯಂತ್ರ ಪಡೆದು ಬದುಕು ಕಟ್ಟಿಕೊಂಡ ಹೆಂಗಸರನ್ನು ಅವಳು ಕಣ್ಣಾರೆ ಕಂಡಿದ್ದಳು.

ಬೆಳಿಗ್ಗೆ ಒಳಗೆ ಕಾಲಿಟ್ಟವಳು ಗೋಡೆಯ ಮೇಲಿನ ನಕ್ಷೆ ನೋಡಿ ಹಾಗೇ ನಿಂತಳು. ಯಾವಾಗಲೂ ಬೆಳ್ಳಗೆ ಹೊಳೆಯುತ್ತಿದ್ದ ಜಿಲ್ಲೆ, ತಟ್ಟೆಯ ಮೇಲೆ ಯಾರೋ ಕುಂಕುಮದ ಭರಣಿ ಬೋರಲು ಹಾಕಿದಂತೆ ಕೆಂಪಗಾಗಿತ್ತು.

"ಯಂತ್ರ ಕೆಟ್ಟಿದೆಯಾ ಜಬೀನಾ?" ಎಂದಳು.

ಜಬೀನಾ ಕೊಠಡಿಯ ಕಿರಿಯ ತಂತ್ರಜ್ಞೆ, ಬಸವರಾಜಪೇಟೆಯವಳು, ಮಾತಿಗೆ ಎಂದೂ ಬಡತನವಿಲ್ಲದವಳು. ಅವಳೇ ಮುಂಜಾನೆ ಆರಕ್ಕೆ ಬಂದು ಮೂರು ಸಲ ತಪಾಸಣೆ ಮಾಡಿದ್ದಳು.

"ಯಂತ್ರ ನೆಟ್ಟಗೈತೆ ಮೇಡಂ. ಹೋದ ವರ್ಷ ನಿಮ್ಮ ಆಯುಧ ಪೂಜೆ ಯಾವತ್ತಿತ್ತು?"

"ಅಕ್ಟೋಬರ್ ಎರಡು."

"ನಿನ್ನೆಗೆ ಮುನ್ನೂರ ಅರವತ್ತೈದು ಮುಗೀತು. ಈ ವರ್ಷದ್ದು ಯಾವತ್ತು?"

ಗಂಗಾಂಬಿಕೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದಳು. ಆಯುಧ ಪೂಜೆ, ಇಪ್ಪತ್ತೊಂದು.

"ಅಧಿಕ ಮಾಸ," ಎಂದಳು ಮೆಲ್ಲಗೆ.

"ಹ್ಞೂಂ. ನಮ್ಮ ಹಬ್ಬಗಳು ವರ್ಷಾ ವರ್ಷಾ ಹನ್ನೊಂದು ದಿನ ಹಿಂದಕ್ಕೆ ಸರೀತಾ ಹೋಗ್ತವೆ, ರಂಜಾನು ಒಂದು ಸಲ ಬೇಸಿಗೇಲಿ, ಒಂದು ಸಲ ಚಳೀಲಿ. ನಿಮ್ಮವೂ ಹಂಗೇ ಸರೀತವೆ, ಆದ್ರೆ ಮೂರು ವರ್ಷಕ್ಕೊಂದು ಸಲ ಒಂದು ತಿಂಗಳು ತುರುಕಿ ಮುಂದಕ್ಕೆ ತಳ್ತೀರಿ. ಈ ಸಲ ತುರುಕಿದ್ದು ನಂಗೆ ಚೆನ್ನಾಗಿ ನೆನಪೈತೆ. ಪಕ್ಕದ ಮನೆ ಆಚಾರ್ರು ಅಳಿಯನಿಗೆ ಮೂವತ್ತಮೂರು ಅತಿರಸ ಕೊಟ್ರು, ನಮಗೆ ಎರಡು ಬಂದ್ವು."

ಮುನ್ನೂರೆಂಬತ್ತನಾಲ್ಕು ದಿನ. ಹಿಂದಿನ ಎರಡು ವರ್ಷ ಒಂದು ಹಬ್ಬದಿಂದ ಇನ್ನೊಂದು ಹಬ್ಬಕ್ಕೆ ಮುನ್ನೂರೈವತ್ತನಾಲ್ಕೇ ದಿನವಿದ್ದು ಎಲ್ಲರೂ ಪಾರಾಗಿದ್ದರು. ಈ ಸಲ ಎಳ್ಳು ಹಬ್ಬಕ್ಕೆ ಹತ್ತೊಂಬತ್ತು ದಿನ ಮೊದಲೇ ಹಸಿದುಬಿಟ್ಟಿತ್ತು. ಇಡೀ ನಾಡು ಪಂಚಾಂಗ ನೋಡಿ ಮುಟ್ಟುತ್ತಿತ್ತು, ಕಾಯ್ದೆ ಕ್ಯಾಲೆಂಡರ್ ನೋಡಿ ಎಣಿಸುತ್ತಿತ್ತು. ಇಷ್ಟು ವರ್ಷ ಇದೇ ನೆಲದ ಉಪ್ಪು ತಿಂದು, ಮನೆಯಲ್ಲಿ ಪಂಚಾಂಗ ತೂಗುಹಾಕಿಕೊಂಡು, ತನಗೂ ಹೊಳೆಯಲಿಲ್ಲವಲ್ಲ ಎಂದು ಗಂಗಾಂಬಿಕೆ ಹಣೆ ಚಚ್ಚಿಕೊಂಡಳು.

ಹತ್ತು ಗಂಟೆಗೆ ಬೆಂಗಳೂರಿನಿಂದ ಆಯುಕ್ತ ವಾಮನರಾಯರು ಪರದೆಯ ಮೇಲೆ ಬಂದರು. ಒಳ್ಳೆಯ ಮನುಷ್ಯ, ಆದರೆ ನಿಯಮಕ್ಕೆ ಇಸ್ತ್ರಿ ಹಾಕಿ ಉಟ್ಟುಕೊಳ್ಳುವವರು.

"ಕಾಯ್ದೆಗೆ ಪಂಚಾಂಗ ಗೊತ್ತಿಲ್ಲಮ್ಮ," ಎಂದರು. "ನಾಳೆಯಿಂದ ಗಾಡಿ ಹೊರಡಲಿ."

"ಗಾಡಿ ಹೊರಟರೆ ಒಂದು ಮನೆಯಲ್ಲೂ ಒಂದು ನೆನಪು ಉಳಿಯಲ್ಲ ಸರ್. ಜನ ಮರೆತಿಲ್ಲ, ಹಬ್ಬಕ್ಕೆ ಕಾಯ್ತಿದ್ರು ಅಷ್ಟೇ."

"ನೆನಪಿಗೆ ಎಳ್ಳು ಅಂಟಿಸಿಲ್ಲ. ವಸ್ತುವಿಗೆ ಅಂಟಿಸಿದ್ದೇವೆ."

"ಹಾಗಾದರೆ ಹನ್ನೊಂದನೇ ಕಲಂ ಇದೆಯಲ್ಲ ಸರ್."

ವಾಮನರಾಯರು ಕನ್ನಡಕ ಏರಿಸಿ ಕಾಯ್ದೆಯ ಪುಸ್ತಕ ತಿರುವಿದರು. ಈವರೆಗೆ ಯಾರೂ ಕೇಳಿರದ ಕಲಂ ಅದು. ಕೆಂಪಾದ ವಸ್ತುವನ್ನು ಬರೀ ಮುಟ್ಟಿದರೆ ಸಾಲದು. ಆದರೆ ಮೂರು ದಿನದೊಳಗೆ, ಅದು ಯಾವ ಕೆಲಸಕ್ಕೆಂದು ಹುಟ್ಟಿದೆಯೋ ಆ ಕೆಲಸಕ್ಕೆ ಬಳಸಿದರೆ ಒಡೆತನ ಮರಳುತ್ತದೆ. ಪಾತ್ರೆಯಾದರೆ ಒಲೆಯ ಬಿಸಿ, ಬೀಸುವ ಕಲ್ಲಾದರೆ ತಿರುಗುವ ನಡುಕ, ಬಟ್ಟೆಯಾದರೆ ಮೈಯ ಶಾಖ. ಇವೆಲ್ಲ ಎಳ್ಳಿಗೆ ಗೊತ್ತಾಗುತ್ತಿದ್ದವು.

"ಮೂರು ದಿನ," ಎಂದರು ಆಯುಕ್ತರು. "ಅದಕ್ಕಿಂತ ಒಂದು ಗಂಟೆಯೂ ಹೆಚ್ಚಿಲ್ಲ."

ರೇಡಿಯೋದಲ್ಲಿ ಪ್ರಕಟಣೆ ಹೊರಟಿತು. ಆಗ ಜಬೀನಾ ಏನೋ ಒತ್ತಿ ನೋಡುತ್ತಿದ್ದವಳು ತಲೆ ಎತ್ತಿದಳು.

"ಮೇಡಂ, ನಿಮ್ಮ ಮನೇಲೂ ಎರಡು ಕೆಂಪು. ಒಂದು ಕಾಲ್ತುಳಿ ಹೊಲಿಗೆ ಯಂತ್ರ. ಇನ್ನೊಂದು... ಬಟ್ಟೆ, ಹೊಲಿಯದ್ದು, ಬೂದು ಬಣ್ಣ."

ಗಂಗಾಂಬಿಕೆ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತಳು. ಅವಳ ಮುಖ ನೋಡಿ ಜಬೀನಾ ದನಿ ತಗ್ಗಿಸಿದಳು.

"ತಾರೀಖು ಒಂದು ತಿದ್ದಿದ್ರೆ ಆತು. ಕೀಲಿ ನಿಮ್ಮ ಕೈಯಲ್ಲೇ ಐತೆ. ನಾನಂತೂ ಕಣ್ಣು ಮುಚ್ಕೊಂಡಿರ್ತೀನಿ."

ಗಂಗಾಂಬಿಕೆಯ ಬೆರಳು ಕೀಲಿಮಣೆಯ ಮೇಲೆ ಸ್ವಲ್ಪ ಹೊತ್ತು ಇತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಅವಳ ಅಪ್ಪ ಮರುಳಸಿದ್ದಪ್ಪನಿಗೆ ಒಂದು ಹಟವಿತ್ತು. ತನ್ನ ಹೊಲಿಗೆ ಅಂಗಡಿಗೆ ತಹಸೀಲ್ದಾರ ಬರಲಿ, ಹಮಾಲಿ ಬರಲಿ, ಟೇಪು ಒಂದೇ ಎನ್ನುತ್ತಿದ್ದ. ದೊಡ್ಡವರ ಹೊಟ್ಟೆಯನ್ನು ಒಂದಿಂಚು ಕಡಿಮೆ ಬರೆದು ಖುಷಿಪಡಿಸಿದ ಟೈಲರು ಆಮೇಲೆ ಅದೇ ಹೊಟ್ಟೆಯಿಂದ ಬೈಸಿಕೊಳ್ಳುತ್ತಾನೆ ಎಂದು ನಗುತ್ತಿದ್ದ. ಅವಳು ಕೈ ಹಿಂದಕ್ಕೆ ತೆಗೆದಳು.

"ಬೇಡ ಜಬೀನಾ. ಟೇಪು ಎಲ್ಲರಿಗೂ ಒಂದೇ."

ಆ ಬೂದು ಬಟ್ಟೆಯ ಕಥೆ ಇಷ್ಟು. ಇಪ್ಪತ್ತೆಂಟು ವರ್ಷದ ಹಿಂದೆ, ಗಂಗಾಂಬಿಕೆಗೆ ಸರ್ಕಾರಿ ಕೆಲಸದ ಆದೇಶ ಬಂದ ವಾರ, ಮರುಳಸಿದ್ದಪ್ಪ ಒಂದು ಸಂಜೆ ಅಂಗಡಿಯಲ್ಲಿ ಬೂದು ಬಣ್ಣದ ಉಣ್ಣೆ ಬಟ್ಟೆ ಹರಡಿ ಸೀಮೆಸುಣ್ಣದ ಬಿಲ್ಲೆಯಿಂದ ಗುರುತು ಹಾಕಿದ. ಗುರುತು ಒಳಗೆ ಬರುವಂತೆ ಮಡಿಸಿ, ನಾಳೆ ಕತ್ತರಿಸ್ತೀನಿ ಎಂದು ಮೇಜಿನ ಮೇಲಿಟ್ಟ. ಆ ನಾಳೆ ಬರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತ ಕುಳಿತವನು ಹಾಗೇ ಒರಗಿದ. ಯಾವ ಗಿರಾಕಿಯೂ ಆ ಬಟ್ಟೆ ಕೇಳಿಕೊಂಡು ಬರಲಿಲ್ಲ, ಅಳತೆ ಪುಸ್ತಕದಲ್ಲೂ ಅದರ ಲೆಕ್ಕವಿರಲಿಲ್ಲ. ಗಂಗಾಂಬಿಕೆ ಅದನ್ನು ಮಡಿಕೆ ಬಿಚ್ಚದೆ ತಂದು ಗಾಜಿನ ಕಪಾಟಿನಲ್ಲಿಟ್ಟಳು. ಮೇಲಿನ ಅಂಚಿನಲ್ಲಿ ಹೆಗಲಿನ ಒಂದು ಬಾಗು, ಅದರ ಪಕ್ಕ ಅಪ್ಪನ ಕೈಬರಹದಲ್ಲಿ '೧೪॥' ಎಂಬ ಅಂಕಿ, ಅಂದರೆ ಹದಿನಾಲ್ಕೂವರೆ, ಇಷ್ಟು ಮಾತ್ರ ಹೊರಗೆ ಕಾಣುತ್ತಿತ್ತು. ಬಿಚ್ಚಿದರೆ ಸುಣ್ಣ ಉದುರುತ್ತದೆ. ಆದ್ದರಿಂದ ಯಾರೂ ಮುಟ್ಟುವಂತಿರಲಿಲ್ಲ. ಕಾಯ್ದೆ ಬಂದ ಮೇಲೆ ಆಯುಧ ಪೂಜೆಯ ದಿನ ಒಂದೇ ಒಂದು ಬೆರಳನ್ನು ಅಂಚಿಗೆ ತಾಗಿಸಿ ಬಾಗಿಲು ಹಾಕುತ್ತಿದ್ದಳು.

ಅಳತೆ ಪುಸ್ತಕ ಎಂದೋ ಗೆದ್ದಲು ಹಿಡಿದು ಹೋಗಿತ್ತು, ಅಪ್ಪನದೆಂದು ಅವಳಿಗೆ ಉಳಿದಿದ್ದ ಬರಹ ಅದೊಂದೇ. ಉಳಿಸಿಕೊಳ್ಳಬೇಕೆಂದರೆ ಕತ್ತರಿಸಿ, ಹೊಲಿದು, ತೊಡಬೇಕು. ತೊಟ್ಟರೆ ಬರಹ ಹೋಯಿತು. ತೊಡದಿದ್ದರೆ ಬಟ್ಟೆಯೇ ಹೋಯಿತು.

ಮಧ್ಯಾಹ್ನ ಮನೆಗೆ ಬಂದಾಗ ಅವಳ ತಾಯಿ ಈರಮ್ಮ ಹತ್ತಿಯ ಬತ್ತಿ ಹೊಸೆಯುತ್ತ ಕುಳಿತಿದ್ದರು. ಎಪ್ಪತ್ತೆಂಟು ತುಂಬಿತ್ತು, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಗಂಡನ ಅಂಗಡಿಗೆ ಮೂವತ್ತು ವರ್ಷ ಕಾಜಾ ಗುಂಡಿ ಹಾಕಿಕೊಟ್ಟ ಬೆರಳು ಅವು, ಸುಮ್ಮನಿರಲಾರವು.

"ರೇಡಿಯೋದಾಗ ಕೇಳ್ದೆ," ಎಂದರು. "ಮೊಕ ಯಾಕ ಹಂಗ ಮಾಡ್ಕಂಡಿ? ಮಿಷಿನ್ನು ತಾನೇ? ಎರಡು ಹೊಲಿಗಿ ಹಾಕಿದ್ರ ಆತು."

"ಮಿಷಿನ್ನಲ್ಲ ಅವ್ವ. ಅಪ್ಪನ ಬಟ್ಟೆ."

ಈರಮ್ಮ ಬತ್ತಿ ಕೆಳಗಿಟ್ಟರು. ಆಗ ಎದುರು ಮನೆಯಿಂದ ಒಂದು ಸದ್ದು ಬಂತು. ನಿವೃತ್ತ ಹೆಡ್‌ಮಾಸ್ತರು ತಮ್ಮ ಬುಲ್‌ಬುಲ್ ತರಂಗ್ ಹೊರತೆಗೆದಿದ್ದರು. ತಂತಿ ತುಕ್ಕು ಹಿಡಿದಿತ್ತು, ಸ್ವರ ಎಲ್ಲೆಲ್ಲೋ ಹೋಗುತ್ತಿತ್ತು, ಆದರೂ ಬಿಡಲೊಲ್ಲರು. ಮಹಡಿಯ ಮೇಲೆ ಬೀಸುವ ಕಲ್ಲು ಗರಗರ ಎನ್ನತೊಡಗಿತು. ಸಂಜೆಯ ಹೊತ್ತಿಗೆ ಬೀದಿಯೇ ಬೇರೆಯಾಗಿತ್ತು. ಶ್ಯಾವಿಗೆ ಒರಳನ್ನು ಕಟ್ಟೆಯ ಮೇಲಿಟ್ಟು ಇಬ್ಬರು ಸೊಸೆಯಂದಿರು ತಿರುವುತ್ತಿದ್ದರು, ಅತ್ತೆ ಎಳೆ ಹಿಡಿದು ಹೇಗೆ ಎಂದು ತೋರಿಸುತ್ತಿದ್ದಳು. ಹಿತ್ತಾಳೆಯ ಫಿಲ್ಟರಿನಲ್ಲಿ ಕಾಫಿ ಇಳಿಯುವ ವಾಸನೆ ಮೂಲೆಯವರೆಗೂ ಹಬ್ಬಿತ್ತು. ಬೊಟ್ಟು ಇಟ್ಟು ಇಟ್ಟು ಉಳಿಸಿಕೊಂಡಿದ್ದ ವಸ್ತುಗಳನ್ನೆಲ್ಲ ಜನ ಮೊದಲ ಸಲ ಕೆಲಸಕ್ಕೆ ಹಚ್ಚಿದ್ದರು. ಕಾಯ್ದೆಯ ಹೆದರಿಕೆಯಿಂದ ಶುರುವಾದದ್ದು ಹಬ್ಬದ ಹಾಗಾಗಿತ್ತು. ಗಂಗಾಂಬಿಕೆ ಬಾಲ್ಕನಿಯಲ್ಲಿ ನಿಂತು ಕೇಳಿದಳು. ಈ ಸದ್ದುಗಳೆಲ್ಲ ಇಷ್ಟು ದಿನ ಎಲ್ಲಿ ಹೋಗಿದ್ದವು?

ಮರುದಿನ ಬೆಳಿಗ್ಗೆ ಈರಮ್ಮ ತಾವಾಗಿಯೇ ಕಪಾಟಿನ ಮುಂದೆ ನಿಂತರು.

"ಬಿಚ್ಚು," ಎಂದರು.

"ಅಳಿಸಿ ಹೋಗುತ್ತೆ ಅವ್ವ."

"ಗುರುತು ಇರೋದೇ ಅಳಿಸಿ ಹೋಗಾಕ. ಕೋಟಿನ ಮ್ಯಾಲೆ ಸುಣ್ಣ ಉಳಿದ್ರ ಟೈಲರು ದಡ್ಡ ಅಂತಿದ್ದ ನಿಮ್ಮಪ್ಪ. ಕೋಲು ಹಿಡ್ಕಂಡು ಬರೋ ಆ ಭಂಡಾರದೋರು ಇದನ್ನ ತೊಳೆಯಾಕ ಅಂತ ಕುದಿಯೋ ನೀರಿಗೆ ಹಾಕ್ತಾರ. ಅದರ ಬದಲು ನಮ್ಮ ಕೈಯಾಗೇ ಹೋಗ್ಲಿ."

ಗಂಗಾಂಬಿಕೆ ಗಾಜಿನ ಬಾಗಿಲು ತೆರೆದಳು. ನುಸಿಗುಳಿಗೆಯ ವಾಸನೆ, ಅದರ ಹಿಂದೆ ಅಂಗಡಿಯ ವಾಸನೆ: ಎಣ್ಣೆ, ಇಸ್ತ್ರಿ ಇದ್ದಲು, ಹೊಸ ಬಟ್ಟೆಯ ಗಂಜಿ. ಅವಳಿಗೆ ತಟ್ಟನೆ ಎಂಟು ವರ್ಷವಾಯಿತು. ಗೂಟಕ್ಕೆ ತೂಗುಹಾಕಿದ್ದ ಗಿರಾಕಿಗಳ ಕೋಟುಗಳನ್ನು ಅಪ್ಪ ಆ ಕಡೆ ತಿರುಗಿದಾಗ ತೊಟ್ಟು, ತೋಳು ಜೋತಾಡಿಸುತ್ತ ಕನ್ನಡಿ ನೋಡುತ್ತಿದ್ದಳು. ಗಿರಾಕಿ ಮಾಲು ಮೈಗೆ ಹಾಕ್ಕೋಬಾರದು ಗಂಗವ್ವ ಎಂದು ಅಪ್ಪ ತಲೆಗೆ ಮೊಟಕುತ್ತಿದ್ದ. ಹಂಗಾದ್ರ ನಂದೊಂದು ಹೊಲಿ ಎಂದರೆ, ಆಫೀಸರಾಗು, ನೋಡೋಣ ಎನ್ನುತ್ತಿದ್ದ.

ಮಂಚದ ಮೇಲೆ ಚಾದರ ಹಾಸಿ, ಇಬ್ಬರೂ ಎರಡು ಕಡೆ ಹಿಡಿದು ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದರು. ಸ್ವಲ್ಪ ಸುಣ್ಣ ಉದುರಿತು. ಉಳಿದದ್ದು ನಿನ್ನೆ ಎಳೆದಂತೆಯೇ ಇತ್ತು. ಬೆನ್ನು, ಎರಡು ಮುಂಭಾಗ, ತೋಳು, ಕಾಲರು. ಈರಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮುಂಭಾಗದ ಒಂದು ಕಡೆ ಬೆರಳು ನಿಲ್ಲಿಸಿದರು.

"ಇಲ್ಲಿ ನೋಡೇ. ಚುಣ್ಣಿ ಹಾಕ್ಯಾನ."

ಅಲ್ಲಿ ಎದೆಯ ಕೆಳಗೆ ಬಟ್ಟೆಯನ್ನು ಹಿಡಿದು ಹೊಲಿಯಬೇಕಾದ ಎರಡು ಚೂಪು ಗೆರೆಗಳಿದ್ದವು. ಗಂಡಸರ ಕೋಟಿಗೆ ಹಾಗೆ ಹಾಕುವುದಿಲ್ಲ.

"ಇದು ಹೆಣ್ಣುಮಕ್ಕಳ ಕೋಟು," ಎಂದರು ಈರಮ್ಮ. "ಆ ಕಾಲಕ್ಕ ನಮ್ಮ ಅಂಗಡಿಗೆ ಕೋಟು ಹೊಲಸಾಕ ಯಾವ ಹೆಂಗಸು ಬಂದಿದ್ಲು? ಒಬ್ಬಾಕಿನೂ ಇಲ್ಲ."

ಅವರು ಡಬ್ಬಿಯಿಂದ ಟೇಪು ತೆಗೆದು ಮಗಳ ಹಿಂದೆ ನಿಂತರು. ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಿಡಿದರು. ಅಂಕಿಯ ಮೇಲೆ ಹೆಬ್ಬೆರಳು ಒತ್ತಿ ಮತ್ತೊಮ್ಮೆ ನೋಡಿದರು.

"ಎಷ್ಟವ್ವ?"

"ಹದಿನಾಲ್ಕೂವರಿ."

ಬೂದು ಬಟ್ಟೆಯ ಅಂಚಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗಾಜಿನ ಹಿಂದೆ ಅವಳು ನೋಡುತ್ತಿದ್ದದ್ದು ಅವಳದೇ ಹೆಗಲು. ಅಪ್ಪ ಮಗಳಿಗೆ ಎಂದೂ ಟೇಪು ಹಿಡಿದವನಲ್ಲ, ಎಲ್ಲ ಕಣ್ಣಳತೆ. ಪುಸ್ತಕದಲ್ಲಿ ಬರೆಯದೇ ಇದ್ದದ್ದು ಅದಕ್ಕೆ. ಗಂಗಾಂಬಿಕೆ ಮಂಚದ ಅಂಚಿನಲ್ಲಿ ಕುಳಿತು ಅತ್ತಳು. ಮುಟ್ಟಬಾರದೆಂದು ತಾನೇ ಬೀಗ ಹಾಕಿಟ್ಟಿದ್ದಳಲ್ಲ, ಒಮ್ಮೆ ಮಡಿಕೆ ಬಿಚ್ಚಿದ್ದರೆ ಇಪ್ಪತ್ನಾಲ್ಕರ ವಯಸ್ಸಿನಲ್ಲೇ ಗೊತ್ತಾಗುತ್ತಿತ್ತಲ್ಲ ಎಂಬ ದುಃಖ ಒಂದು ಕಡೆ. ಆಫೀಸರಾಗು ಎಂದವನು ಮಾತು ಮರೆತಿರಲಿಲ್ಲ ಎಂಬ ಸುಖ ಇನ್ನೊಂದು ಕಡೆ. ಈರಮ್ಮ ಅಳಲು ಬಿಟ್ಟರು, ಆಮೇಲೆ ಸಾಕು ಎಂದರು.

"ಆದ್ರೆ ಅವ್ವ," ಎಂದು ಅವಳು ಮೂಗು ಒರೆಸಿಕೊಂಡಳು, "ಎದೆ ಮೂವತ್ನಾಕು ಅಂತ ಬರೆದಾನೆ. ನಾನೀಗ ನಲವತ್ತು. ಹೊಲಿದರೂ ಹಾಕ್ಕೊಳಾಕ ಆಗಲ್ಲ. ಹಾಕ್ಕೊಳದಿದ್ರ ಎಳ್ಳು ಬಿಳಿ ಆಗಲ್ಲ."

ಈರಮ್ಮ ಮತ್ತೆ ಬಗ್ಗಿದರು. ಪ್ರತಿ ತುಂಡಿಗೂ ಎರಡೆರಡು ಗೆರೆ ಇರುತ್ತವೆ, ಒಳಗಿನದು ಹೊಲಿಗೆಗೆ, ಹೊರಗಿನದು ಕತ್ತರಿಗೆ. ಎರಡರ ನಡುವೆ ಸಾಮಾನ್ಯವಾಗಿ ಅರ್ಧ ಇಂಚು. ಇಲ್ಲಿ ಪಕ್ಕದ ಹೊಲಿಗೆಗಳ ನಾಲ್ಕು ಅಂಚಿಗೂ ಎರಡೆರಡು ಇಂಚು ಇತ್ತು, ಒಂದೂವರೆಯಂತೆ ಬಿಚ್ಚಿಕೊಂಡರೆ ಆರು ಇಂಚು ಸಿಗುತ್ತದೆ, ಹೊಲಿಗೆಗೆ ಅರ್ಧ ಉಳಿಯುತ್ತದೆ. ಮುದುಕಿ ಕಿಸಕ್ಕನೆ ನಕ್ಕುಬಿಟ್ಟರು.

"ಒಳಗ ಬಟ್ಟಿ ಬಿಟ್ಟಾನ ಕಣೇ! ಇಸ್ಕೂಲ್ ಹುಡುಗರ ಯೂನಿಫಾರಂಗೆ ಬಿಡ್ತಿದ್ನಲ್ಲ, ಹಂಗ. ಇಪ್ಪತ್ನಾಕು ವರ್ಷದಾಕಿಗೆ ಎರಡಿಂಚು! ಮೈ ಯಾರ ಮಾತೂ ಕೇಳಲ್ಲ, ಒಳಗ ಬಟ್ಟಿ ಬಿಡು ಅಂತ ಸಾಯೋತನಕ ಹೇಳ್ತಿದ್ದ. ನಿನ್ನ ಹೊಟ್ಟಿ ಹೆಂಗ ಬೆಳೀತದ ಅಂತ ಆಗಲೇ ನೋಡಿದ್ದ ನ್ವಾಡು!"

ಗಂಗಾಂಬಿಕೆಗೂ ನಗು ತಡೆಯಲಿಲ್ಲ. ಅಳುವಿನ ನಡುವೆಯೇ ನಕ್ಕಳು.

ಗಂಗಾಂಬಿಕೆ ಕತ್ತರಿ ಹಿಡಿದಳು. ಮೊದಲ ಕಚಕ್ ಸದ್ದಿಗೆ ಕಣ್ಣು ಮುಚ್ಚಿಕೊಂಡಳು. ಈರಮ್ಮ ಪಕ್ಕದಲ್ಲಿ ನಿಂತು ಗೆರೆ ಬಿಟ್ಟು ಹೋಗಬೇಡ, ಹೊರಗಿನ ಗೆರೆ, ಹೊರಗಿನದು ಎನ್ನುತ್ತಿದ್ದರು. ಯಂತ್ರದ ಚರ್ಮದ ಪಟ್ಟಿ ಎರಡು ಸಲ ಜಾರಿತು, ಸೂಜಿ ಒಂದು ಮುರಿಯಿತು. ಒಳಗಿನ ಗೆರೆಯನ್ನು ಬಿಟ್ಟು, ಅಪ್ಪ ಬಿಟ್ಟಿದ್ದ ಜಾಗದಲ್ಲಿ ಹೊಸ ಹೊಲಿಗೆ ಹೋಯಿತು. ಅಸ್ತರಿಲ್ಲ, ಕಾಲರು ಸೊಟ್ಟ, ಒಂದು ತೋಳು ಅರ್ಧ ಬೆರಳು ಗಿಡ್ಡ. ಕೊನೆಯಲ್ಲಿ ಇಸ್ತ್ರಿ ಹಾಕುವ ಮೊದಲು ಅವಳು ಹೆಗಲಿನ '೧೪॥' ಅನ್ನು ಅಂಗೈಯಿಂದ ಒಮ್ಮೆ ನಿಧಾನವಾಗಿ ಸವರಿದಳು. ಸುಣ್ಣ ಕೈಗೆ ಬಂತು. ಬಟ್ಟೆಯಲ್ಲಿ ಏನೂ ಉಳಿಯಲಿಲ್ಲ. ನೋವಾಯಿತು, ಆದರೆ ಅವಳು ಹೆದರಿಕೊಂಡಿದ್ದಷ್ಟು ಆಗಲಿಲ್ಲ.

ಮೂರನೆಯ ದಿನ ಕೋಟು ತೊಟ್ಟು ಕೊಠಡಿಗೆ ಹೋದಳು. ಜಬೀನಾ ಸುತ್ತ ಬಂದು ನೋಡಿದಳು.

"ಕಾಲರು ಸೊಟ್ಟ ಐತೆ ಮೇಡಂ," ಎಂದಳು. ಆಮೇಲೆ, "ಮಸ್ತ್ ಐತೆ," ಎಂದಳು.

ಕೋಟಿನ ಅಂಚಿನ ಎಳ್ಳು ಬೆಳ್ಳಗಾಗಿತ್ತು. ಗೋಡೆಯ ನಕ್ಷೆಯಲ್ಲಿ ಕೆಂಪು ಕರಗುತ್ತ ಹೋಗಿ ಅಲ್ಲಲ್ಲಿ ಚುಕ್ಕೆಗಳಷ್ಟೇ ಉಳಿದಿದ್ದವು. ಉಳಿದವೂ ಮರೆವಿನಿಂದ ಉಳಿದವಲ್ಲ. ಕೆಲವರು ಹಳೆಯ ವಸ್ತುವನ್ನು ಒಮ್ಮೆ ಬಳಸಿ ನೋಡಿ, ಆಸೆ ತೀರಿತು, ಬೇರೆಯವರಿಗೆ ಆಗಲಿ ಎಂದು ತಾವೇ ಭಂಡಾರಕ್ಕೆ ಬಿಟ್ಟುಕೊಟ್ಟಿದ್ದರು.

ವಾಮನರಾಯರು ಪರದೆಯ ಮೇಲೆ ಬಂದರು. ಬೇರೆ ಜಿಲ್ಲೆಗಳಲ್ಲೂ ಇದೇ ಕಥೆಯಂತೆ. ಮುಂದೆ ಏನು ಮಾಡಬೇಕು, ಹೇಳಿ ಎಂದರು.

"ಇಪ್ಪತ್ತು ದಿನ ಹೆಚ್ಚಿಗೆ ಕೊಡಿ ಸರ್."

"ಯಾಕೆ ಕೊಡಬೇಕು? ವರ್ಷ ಅಂದರೆ ವರ್ಷ."

ಗಂಗಾಂಬಿಕೆ ಎದ್ದು ನಿಂತು ಕೋಟಿನ ಪಕ್ಕವನ್ನು ಒಳಗು ಹೊರಗಾಗಿ ಮಗುಚಿ ಪರದೆಯ ಹತ್ತಿರ ಹಿಡಿದಳು. ಹೊಲಿಗೆಯ ಪಕ್ಕ ಉಳಿದ ಬಟ್ಟೆಯ ಅಂಚು ಕಾಣುತ್ತಿತ್ತು.

"ಇದಕ್ಕೆ ಒಳಗೆ ಬಟ್ಟೆ ಬಿಡೋದು ಅಂತಾರೆ ಸರ್. ಮೈ ಬೆಳೆಯುತ್ತೆ ಅಂತ ಟೈಲರಿಗೆ ಗೊತ್ತು. ಪಂಚಾಂಗದವರು ವರ್ಷಕ್ಕೂ ಬಿಟ್ಟಿದ್ದಾರೆ, ಅದಕ್ಕೆ ಅಧಿಕ ಮಾಸ ಅಂತ ಹೆಸರಿಟ್ಟಿದ್ದಾರೆ. ನಾವು ಹೊಲಿದ ಕಾಯ್ದೆ ಒಂದಕ್ಕೇ ಬಿಟ್ಟಿಲ್ಲ. ತಪ್ಪು ನನ್ನದೂ ಇದೆ."

ಆಯುಕ್ತರು ಬಹಳ ಹೊತ್ತು ಆ ಅಂಚನ್ನೇ ನೋಡಿದರು. ಕೊನೆಗೆ, "ಬರೆದು ಕಳಿಸಿ," ಎಂದರು. ಪರದೆ ಆರುವ ಮುಂಚೆ ಮತ್ತೊಂದು ಮಾತು ಸೇರಿಸಿದರು. "ನಮ್ಮ ತಾಯಿಯ ಹಾರ್ಮೋನಿಯಂ ಒಂದಿತ್ತಮ್ಮ. ನಿನ್ನೆ ಊದಿದೆ. ಎರಡು ಸ್ವರ ಇನ್ನೂ ಬರ್ತವೆ."

ಇಪ್ಪತ್ತೊಂದಕ್ಕೆ ಆಯುಧ ಪೂಜೆ ಬಂತು. ಬೀದಿಯಲ್ಲಿ ಆ ಸಲ ಬೊಟ್ಟುಗಳ ಗಡಿಬಿಡಿಯಿರಲಿಲ್ಲ. ಈರಮ್ಮ ಕತ್ತರಿ, ಟೇಪು, ಹೊಲಿಗೆ ಯಂತ್ರಕ್ಕೆ ವಿಭೂತಿ ಹಚ್ಚಿ, ಇವತ್ತು ಇವಕ್ಕ ರಜಾ, ಯಾರೂ ಮುಟ್ಟಂಗಿಲ್ಲ ಎಂದು ಮೊದಲಿನಂತೆ ಘೋಷಿಸಿದರು. ಗಾಜಿನ ಕಪಾಟು ಖಾಲಿಯಾಗಿತ್ತು. ಗಂಗಾಂಬಿಕೆ ಅದರ ಕಡೆ ಒಮ್ಮೆ ನೋಡಿದಳು, ಅಭ್ಯಾಸದಿಂದ. ಆಮೇಲೆ ಕೋಟು ತೊಟ್ಟೇ ಊಟಕ್ಕೆ ಕುಳಿತಳು. ಸೆಕೆಯಾಗುತ್ತಿತ್ತು, ಆದರೂ ತೆಗೆಯಲಿಲ್ಲ.

ಮೂರು ಹೋಳಿಗೆ ತಿಂದು ಅವಳು ಕೈ ಅಡ್ಡ ಹಿಡಿದಳು. ಈರಮ್ಮ ಹತ್ತಿರ ಬಂದು ಕೋಟಿನ ಪಕ್ಕದ ಹೊಲಿಗೆಯನ್ನು ಒಳಗಿನಿಂದ ಎರಡು ಬೆರಳಲ್ಲಿ ಹಿಚುಕಿ ನೋಡಿದರು.

"ಇನ್ನೂ ಅರ್ಧ ಇಂಚು ಐತಿ," ಎಂದರು. "ನಿಮ್ಮಪ್ಪ ಬಿಟ್ಟಾನ. ಇನ್ನೊಂದು ತಿನ್ನು."